ಸುತ್ತು ತಪ್ಪಿದ ಮದ್ದು: ಗಿಡಮೂಲಿಕೆ ಎಷ್ಟು ನಿರಪಾಯ?

ಆಟಿ ಅಮಾವಾಸ್ಯೆಯ ದಿನ ತುಳುನಾಡಿನ ಮನೆಗಳಲ್ಲಿ ಬೆಳಕು ಹರಿಯುವ ಮೊದಲೇ ಯಾರಾದರೊಬ್ಬರು ಎದ್ದು ಹೊರಡುತ್ತಾರೆ. ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು, ಕತ್ತಿ ತಾಗಿಸಬಾರದು ಎಂಬುದು ಕಟ್ಟಳೆ. ತೊಗಟೆಯ ರಸಕ್ಕೆ ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಚುಂಯ್ ಎಂದು ಅದರೊಳಗೆ ಬಿಟ್ಟು, ಖಾಲಿ ಹೊಟ್ಟೆಗೆ ಕುಡಿಯಬೇಕು. ಮುಖ ಕಿವುಚುವಷ್ಟು ಕಹಿ. ಆ ಮೇಲೆ ಮೈ ತಂಪಾಗಲೆಂದು ಮೆಂತೆ ಗಂಜಿ. ವರ್ಷಕ್ಕೆ ಇದೊಂದೇ ದಿನ. ಕೊಡಗಿನಲ್ಲೂ ಇದೇ ಮಳೆಗಾಲದಲ್ಲಿ, ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದು ಸೊಪ್ಪಿನ ಪಾಯಸ. ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹತ್ತಿತು ಎಂದು ಲೆಕ್ಕ.

ಹಾಲೆಯೆಂದು ತಿಳಿದು ಬೇರೆ ಮರದ ತೊಗಟೆ ಕುಡಿದು ಆಸ್ಪತ್ರೆ ಸೇರಿದವರ ಸುದ್ದಿಯೂ ಕರಾವಳಿಯ ಪತ್ರಿಕೆಗಳಲ್ಲಿ ಬಂದದ್ದುಂಟು. ಹಾಲೆ ಬೆಳೆಯುವ ಕಾಡಿನಲ್ಲೇ ಕಾಸರಕವೂ ಬೆಳೆಯುತ್ತದೆ. ಅದರ ಬೀಜದಲ್ಲೂ ತೊಗಟೆಯಲ್ಲೂ ವಿಷವಿದೆ. ಹಿಂದಿನ ದಿನ ಹಗಲಲ್ಲೇ ಹೋಗಿ ಮರ ಗುರುತು ಮಾಡಿಕೊಂಡು ಬರುವುದು ತಿಳಿದವರ ಕ್ರಮ. ಆ ಒಂದು ಕ್ರಮ ತಪ್ಪಿದರೆ ಮದ್ದಿನ ಲೋಟವೇ ವಿಷದ ಲೋಟ.

ಗಿಡಮೂಲಿಕೆಯ ಸುರಕ್ಷತೆಯ ಬಗ್ಗೆ ನಡೆಯುತ್ತಿರುವ ದೊಡ್ಡ ವಾದವನ್ನು ಈ ಲೋಟದಿಂದಲೇ ಶುರುಮಾಡಬಹುದು. ‘ನೈಸರ್ಗಿಕ, ಹಾಗಾಗಿ ಅಪಾಯವಿಲ್ಲ’ ಎಂದು ಒಂದು ಕಡೆಯವರು ಹೇಳುತ್ತಾರೆ. ‘ಪರೀಕ್ಷೆಯಾಗಿಲ್ಲ, ಹಾಗಾಗಿ ಅಪಾಯ’ ಎಂದು ಇನ್ನೊಂದು ಕಡೆಯವರು. ನನಗನ್ನಿಸುವುದು ಬೇರೆ: ನಮ್ಮ ಮನೆಮದ್ದಿನ ಸುರಕ್ಷತೆ ಗಿಡದೊಳಗೆ ಎಂದೂ ಇರಲಿಲ್ಲ. ಯಾವ ಗಿಡ, ಎಷ್ಟು, ಯಾರಿಗೆ, ಎಷ್ಟು ದಿನ ಎಂದು ಅದರ ಸುತ್ತ ಕಟ್ಟಿಕೊಂಡಿದ್ದ ಕಟ್ಟಳೆಯಲ್ಲಿ ಇತ್ತು. ಗಿಡ ಡಬ್ಬಿಗೆ ಬಂದಾಗ ಆ ಕಟ್ಟಳೆ ಅದರ ಜೊತೆ ಬರಲಿಲ್ಲ.

ಅಡುಗೆಮನೆಯಿಂದ ಮಾರುಕಟ್ಟೆಗೆ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಪ್ರಶ್ನೆಗೆ ಬೇರೆಯೇ ರೂಪವಿತ್ತು. ನಮ್ಮ ಗಿಡಗಳಲ್ಲಿ ನಿಜವಾಗಿ ಗುಣವಿದೆಯೇ ಎಂಬುದೇ ಆಗಿನ ಚರ್ಚೆ. ಅದಕ್ಕೆ ಗಟ್ಟಿಯಾದ ಉತ್ತರ ಕೊಟ್ಟದ್ದು ಸರ್ಪಗಂಧ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದರ ಬೇರು ಬುದ್ಧಿಭ್ರಮಣೆಗೂ ಹೆಚ್ಚಿದ ರಕ್ತದೊತ್ತಡಕ್ಕೂ ಆಗುತ್ತದೆ ಎಂದು ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಅನುಭವವನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. ಕೆಲವೇ ವರ್ಷಗಳಲ್ಲಿ, ಆ ಮಾತ್ರೆ ನುಂಗಿದವರಲ್ಲಿ ಕೆಲವರು ತೀವ್ರ ಖಿನ್ನತೆಗೆ ಜಾರುತ್ತಿದ್ದಾರೆ ಎಂಬ ವರದಿಗಳೂ ಬಂದವು. ಗುಣವೂ ದೋಷವೂ ಒಂದೇ ಬೇರಿನಿಂದ ಬಂದವು. ರಕ್ತದೊತ್ತಡ ಇಳಿಸುವಷ್ಟು ಬಲವಿರುವ ವಸ್ತು ಬೇರೆ ಕಡೆ ಬಲ ತೋರಿಸದೆ ಸುಮ್ಮನಿರುವುದಿಲ್ಲ.

1940ರ ಔಷಧ ಕಾಯಿದೆಗೆ 1964ರಲ್ಲಿ ತಿದ್ದುಪಡಿಯಾಗಿ ಆಯುರ್ವೇದ, ಯುನಾನಿ ಔಷಧಗಳ ತಯಾರಿಕೆ ಅದರ ಕೆಳಗೆ ಬಂತು. ಆಗಿನವರ ಕಣ್ಣಿನ ಮುಂದೆ ಇದ್ದದ್ದು ವೈದ್ಯರ ಕೈಯಿಂದ ರೋಗಿಯ ಕೈಗೆ ಹೋಗುವ ಲೇಹ್ಯ, ಅರಿಷ್ಟ, ಚೂರ್ಣ. 1994ರಲ್ಲಿ ಅಮೆರಿಕ ಒಂದು ಕಾನೂನು ಮಾಡಿ ಗಿಡಮೂಲಿಕೆಯ ಪೂರಕಗಳನ್ನು ಆಹಾರದ ಸಾಲಿಗೆ ಸೇರಿಸಿತು. ಮಾರುಕಟ್ಟೆಗೆ ಬರುವ ಮೊದಲು ಅವು ನಿರಪಾಯವೆಂದು ಸರ್ಕಾರಕ್ಕೆ ರುಜುವಾತು ಮಾಡಬೇಕಾಗಿಲ್ಲ. ಅಪಾಯವಿದೆ ಎಂದು ಸರ್ಕಾರವೇ ತೋರಿಸಬೇಕು. ಎಫೆಡ್ರಾ ಎಂಬ ತೂಕ ಇಳಿಸುವ ಮೂಲಿಕೆಯನ್ನು ಹೃದಯಾಘಾತ, ಪಾರ್ಶ್ವವಾಯುಗಳ ವರದಿಗಳ ನಂತರ ಅಲ್ಲಿ ನಿಷೇಧಿಸುವ ಹೊತ್ತಿಗೆ 2004 ಆಗಿತ್ತು. ಇಂದು ಬೆಂಗಳೂರಿನ ಯಾವುದೇ ಮೆಡಿಕಲ್ ಸ್ಟೋರ್‌ನಲ್ಲಿ ಸಾಲಾಗಿ ನಿಂತಿರುವ ಅಶ್ವಗಂಧ, ಅರಿಶಿನ, ನುಗ್ಗೆಯ ಕ್ಯಾಪ್ಸೂಲುಗಳ ರೂಪ ಆ ಮಾರುಕಟ್ಟೆಯಲ್ಲಿ ಪಳಗಿ ಬಂದದ್ದು, ಹೆಸರು ಮಾತ್ರ ನಮ್ಮದು.

ಪರಂಪರೆ ಹೇಳುವುದು

ಈ ವಾದದಲ್ಲಿ ನನಗೆ ಕಾಣುವುದು ಮೂರು ಪಕ್ಷ. ಮೊದಲನೆಯದು ಪರಂಪರೆಯದು. ಅದನ್ನು ‘ನೈಸರ್ಗಿಕವಾದದ್ದೆಲ್ಲ ಒಳ್ಳೆಯದು’ ಎಂಬ ಜಾಹೀರಾತಿನ ಜೊತೆ ಸೇರಿಸಿಬಿಡುವುದು ಅನ್ಯಾಯ. ಚರಕ ಸಂಹಿತೆ ಅರಿಯದೆ ಬಳಸಿದ ಔಷಧವನ್ನು ವಿಷದ ಸಾಲಿನಲ್ಲೇ ಇಡುತ್ತದೆ. ವತ್ಸನಾಭಿಯಂಥ ಕಡುವಿಷದ ಗೆಡ್ಡೆಯನ್ನು ಗೋಮೂತ್ರದಲ್ಲೋ ಹಾಲಿನಲ್ಲೋ ಬೇಯಿಸಿ ಶೋಧನೆ ಮಾಡದೆ ಬಳಸಬಾರದು ಎಂಬುದು ಶಾಸ್ತ್ರ. ಹೀಗೆ ಬೇಯಿಸಿದಾಗ ಗೆಡ್ಡೆಯ ವಿಷವಾದ ಅಕೊನಿಟಿನ್ ಒಡೆದು ಬಹಳ ಕಡಿಮೆ ವಿಷವಿರುವ ರೂಪಕ್ಕೆ ಇಳಿಯುತ್ತದೆ ಎಂಬುದನ್ನು ಪ್ರಯೋಗಶಾಲೆಯೂ ಒಪ್ಪಿದೆ.

ಮನೆಯ ಮಟ್ಟದಲ್ಲೂ ಅಳತೆ ಇತ್ತು. ಹಸುಗೂಸಿಗೆ ಮದ್ದು ತೇಯುವ ಅಜ್ಜಿಯರನ್ನು ನೆನಪಿಸಿಕೊಳ್ಳಿ. ಬಜೆ ಎರಡು ಸುತ್ತು, ಜಾಯಿಕಾಯಿ ಒಂದು ಸುತ್ತು, ಅಳಲೆಕಾಯಿ ಮೂರು ಸುತ್ತು. ಸಾಣೆಕಲ್ಲಿನ ಮೇಲೆ ಬೇರು ಎಷ್ಟು ಸಲ ತಿರುಗಿತೋ ಅಷ್ಟೇ ಪ್ರಮಾಣ, ಮಗು ಬೆಳೆದಂತೆ ಸುತ್ತು ಹೆಚ್ಚು. ತಕ್ಕಡಿ ಇಲ್ಲದ ಮನೆಯಲ್ಲಿ ಇದಕ್ಕಿಂತ ನಾಜೂಕಾದ ಡೋಸ್ ಲೆಕ್ಕ ಬೇರೆ ಬೇಕೇ? ಬಾಣಂತಿಗೆ ಒಂದು, ಬಸುರಿಗೆ ಒಂದು, ಉಷ್ಣದ ಮೈಯವರಿಗೆ ಒಂದು ಎಂದು ಪಥ್ಯವೂ ಬೇರೆ ಬೇರೆ.

ಈ ಪಕ್ಷ ಬಹಳಷ್ಟನ್ನು ವಿವರಿಸುತ್ತದೆ. ಕೂಡಲೇ ಕಾಣುವ ಹಾನಿ, ಎಂದರೆ ವಾಂತಿ, ಭೇದಿ, ತಲೆಸುತ್ತು, ಸಾವು, ಇವನ್ನು ತಲೆಮಾರುಗಳ ಅನುಭವ ಚೆನ್ನಾಗಿಯೇ ಹಿಡಿದಿಟ್ಟಿದೆ. ಆದರೆ ನಿಧಾನವಾಗಿ, ಹತ್ತು ವರ್ಷ ಬಿಟ್ಟು ಕಾಣಿಸುವ ಹಾನಿಯನ್ನು ಕಾಣಲು ಅನುಭವಕ್ಕೆ ಕಣ್ಣಿಲ್ಲ. ಈಶ್ವರಿ ಬಳ್ಳಿಯ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡಿ ಮೂತ್ರನಾಳದ ಕ್ಯಾನ್ಸರಿಗೂ ದಾರಿಮಾಡುತ್ತದೆ. ಯುರೋಪು, ಚೀನಾ, ಭಾರತ ಎಲ್ಲೆಡೆ ಶತಮಾನಗಳಿಂದ ಬಳಸುತ್ತಿದ್ದ ಗಿಡಗಳಿವು. ಇದು ಗೊತ್ತಾದದ್ದು 1990ರ ದಶಕದ ಆರಂಭದಲ್ಲಿ, ಬೆಲ್ಜಿಯಂನಲ್ಲಿ ತೂಕ ಇಳಿಸಲು ಮೂಲಿಕೆ ಸೇವಿಸಿದ ಹೆಂಗಸರ ಮೂತ್ರಪಿಂಡಗಳು ಸಾಲುಸಾಲಾಗಿ ಕೈಕೊಟ್ಟಾಗ.

ನೆಲನೆಲ್ಲಿಯ ಮೇಲೆ ನಡೆದ ಪರೀಕ್ಷೆ

ಇಡೀ ವಾದದ ಎಲ್ಲ ಎಳೆಗಳೂ ಒಂದೇ ಗಿಡದಲ್ಲಿ ಕಾಣಬೇಕೆಂದರೆ ನೆಲನೆಲ್ಲಿಯನ್ನು ನೋಡಬೇಕು. ಗದ್ದೆಯ ಬದುವಿನಲ್ಲಿ, ಮನೆಯ ಹಿತ್ತಿಲಲ್ಲಿ ಕೇಳುವವರಿಲ್ಲದೆ ಬೆಳೆಯುವ ಗೇಣುದ್ದದ ಗಿಡ. ಎಲೆಯ ಕೆಳಗೆ ಸಾಲಾಗಿ ಪುಟ್ಟ ನೆಲ್ಲಿಕಾಯಿಗಳು. ಕಾಮಾಲೆ ಎಂದರೆ ನಮ್ಮ ಹಳ್ಳಿಗಳಲ್ಲಿ ಮೊದಲು ನೆನಪಾಗುವುದು ಇದೇ.

1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಾಣುವನ್ನು ಮೈಯಲ್ಲಿ ಹೊತ್ತವರಿಗೆ ಒಂದು ತಿಂಗಳು ನೆಲನೆಲ್ಲಿಯ ಪುಡಿ ಕೊಟ್ಟಾಗ 37 ಜನರಲ್ಲಿ 22 ಜನರ ರಕ್ತದಿಂದ ವೈರಾಣುವಿನ ಗುರುತು ಮಾಯವಾಗಿತ್ತು. ಬರೀ ಹುಸಿಮದ್ದು ತೆಗೆದುಕೊಂಡ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಆ ವೈರಾಣುವನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲಂಬರ್ಗ್ ಅವರೇ ಪ್ರಬಂಧದ ಲೇಖಕರಲ್ಲೊಬ್ಬರು. ಸಂಭ್ರಮಕ್ಕೆ ಕಾರಣವಿತ್ತು.

ಆದರೆ ಥಾಯ್ಲೆಂಡಿನಲ್ಲಿ ಇದೇ ಪ್ರಯೋಗ ಮಾಡಿದವರಿಗೆ ಆ ಫಲ ಸಿಗಲಿಲ್ಲ. ಮುಂದೆ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದ ಕಾಕ್ರೇನ್ ಸಮೀಕ್ಷೆ 2011ರಲ್ಲಿ ನಂಬಬಹುದಾದ ಪುರಾವೆ ಇಲ್ಲ ಎಂದಿತು. ಒಂದು ಕಡೆ ಫಲ, ಇನ್ನೊಂದು ಕಡೆ ಇಲ್ಲ ಎಂದಾಗ ಬಳಸಿದ ಗಿಡ ಒಂದೇ ಆಗಿತ್ತೇ, ಬೆಳೆದ ನೆಲ, ಕಿತ್ತ ಕಾಲ ಒಂದೇ ಆಗಿತ್ತೇ ಎಂಬ ಪ್ರಶ್ನೆ ಎದ್ದಿತು. ಇದಕ್ಕೆ ಒಂದು ತುಣುಕು ಉತ್ತರ ಬಂದದ್ದು ನಮ್ಮ ಬೆಂಗಳೂರಿನಿಂದ. ಕೃಷಿ ವಿಶ್ವವಿದ್ಯಾಲಯದ ಉಮಾ ಶಂಕರ್ ಮತ್ತು ಅವರ ತಂಡ ದಕ್ಷಿಣ ಭಾರತದ ಮೂಲಿಕೆ ಅಂಗಡಿಗಳಿಂದ ‘ನೆಲನೆಲ್ಲಿ’ ಕೊಂಡು ತಂದು ಡಿಎನ್‌ಎ ಮಟ್ಟದಲ್ಲಿ ಪರೀಕ್ಷಿಸಿತು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶೇ. 76ರಷ್ಟು ಮಾದರಿಗಳು ಬಹುಪಾಲು ಸರಿಯಾದ ಗಿಡವೇ ಆಗಿದ್ದವು. ಉಳಿದವುಗಳಲ್ಲಿ ಅದೇ ಕುಲದ ಬೇರೆ ಐದು ಜಾತಿಗಳು ಸೇರಿದ್ದವು. ಮೋಸ ಎಂದು ಹೇಳಬೇಕಾಗಿಲ್ಲ. ಕೀಳುವವರ ಕಣ್ಣಿಗೆ ಅವೆಲ್ಲ ನೆಲನೆಲ್ಲಿಯೇ. ಹೆಸರಿನ ಗೊಂದಲ ಇದೊಂದಕ್ಕೇ ಅಲ್ಲ. ‘ಬ್ರಾಹ್ಮಿ’ ಎಂದು ಕೇಳಿದರೆ ಕೆಲವರು ಒಂದೆಲಗ ಕೊಡುತ್ತಾರೆ, ಕೆಲವರು ನೀರುಬ್ರಾಹ್ಮಿ ಕೊಡುತ್ತಾರೆ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು.

ಇನ್ನೊಂದು ಮಾತು ಕಾಮಾಲೆಯ ಬಗ್ಗೆಯೇ. ನಮ್ಮಲ್ಲಿ ಹೆಚ್ಚಾಗಿ ಕಾಣುವ, ಕೆಟ್ಟ ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆಗ ಕೊಟ್ಟ ಮದ್ದಿಗೆಲ್ಲ ಹೆಸರು ಬರುತ್ತದೆ. ಕೊಟ್ಟ ಪಂಡಿತರು ಸುಳ್ಳು ಹೇಳುತ್ತಿಲ್ಲ, ಗುಣವಾದ ರೋಗಿಯೂ ಸುಳ್ಳು ಹೇಳುತ್ತಿಲ್ಲ. ಆದರೆ ಹೆಪಟೈಟಿಸ್ ಬಿ ಇದ್ದವರು, ಪಿತ್ತನಾಳ ಕಟ್ಟಿಕೊಂಡವರು, ಯಕೃತ್ತು ಕೈಬಿಡುತ್ತಿರುವವರು ಪಂಡಿತರು ಮೂರು ಭಾನುವಾರ ಕೊಡುವ ಮದ್ದಿಗೆಂದು ಕಾದು ಕೂತರೆ ಕಳೆದುಹೋಗುವುದು ಪ್ರಾಣ. ಇಲ್ಲಿ ಕೊಲ್ಲುವುದು ಗಿಡವಲ್ಲ, ತಡ. ಕಾಮಾಲೆ ಬಂದವರು ಯಾವ ಮದ್ದನ್ನೇ ನಂಬಲಿ, ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಲಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಸಾರ ಹಿಂಡಿದವರು

ಎರಡನೆಯ ಪಕ್ಷ ಗಿಡದ ಸಾರವನ್ನು ನಂಬುವವರದು. ಗಿಡದಲ್ಲಿ ಕೆಲಸ ಮಾಡುವ ಅಂಶ ಯಾವುದೆಂದು ಹಿಡಿದು, ಅಳೆದು, ಪ್ರತಿ ಗುಳಿಗೆಯಲ್ಲೂ ಅಷ್ಟೇ ಇರುವಂತೆ ಮಾಡಿದರೆ ಜಾತಿಯ ಗೊಂದಲವೂ ಪ್ರಮಾಣದ ಗೊಂದಲವೂ ತೀರಿತು ಎಂಬುದು ಇವರ ವಾದ. ವಾದದಲ್ಲಿ ಹುರುಳಿದೆ. ತೊಡಕು ಎಲ್ಲಿ ಎಂಬುದನ್ನು ಅರಿಶಿನ ತೋರಿಸುತ್ತದೆ.

ಅರಿಶಿನದಲ್ಲಿರುವ ಕರ್ಕ್ಯುಮಿನ್ ಬಾಯಿಂದ ಕೊಟ್ಟರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನ ಇದನ್ನು ಬದಲಿಸಿತು. 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತದಲ್ಲಿ ಅದರ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರಿತು. ಜಗತ್ತಿನ ಅರಿಶಿನದ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರ ಸೇರಿದ್ದರ ಹಿಂದೆ ಈ ಅಧ್ಯಯನವಿದೆ.

ಅಳತೆಯನ್ನು ಈಗ ಅಡುಗೆಮನೆಗೆ ತಂದು ನೋಡೋಣ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3. ಶೇ. 95 ಸಾರವಿರುವ 500 ಮಿಲಿಗ್ರಾಂನ ಒಂದು ಕ್ಯಾಪ್ಸೂಲು ಎಂದರೆ ಹತ್ತಿರಹತ್ತಿರ 15 ಗ್ರಾಂ ಅರಿಶಿನ, ಟೀ ಚಮಚದಲ್ಲಿ ಐದು. ರಾತ್ರಿ ಹಾಲಿಗೆ ನಾವು ಹಾಕುವುದು ಒಂದು ಚಿಟಿಕೆ. ಇದರ ಮೇಲೆ ಇಪ್ಪತ್ತು ಪಟ್ಟು ಹೀರುವಿಕೆ, ಇದರ ಮೇಲೆ ದಿನಕ್ಕೆರಡು ಸಲ, ಆರು ತಿಂಗಳು. ‘ನಮ್ಮಜ್ಜಿಯ ಕಾಲದಿಂದ ಬಳಸಿದ್ದು’ ಎಂಬ ಮಾತು ಈ ಕ್ಯಾಪ್ಸೂಲಿಗೆ ಅನ್ವಯಿಸುವುದಿಲ್ಲ; ಯಾವ ಅಜ್ಜಿಯೂ ಇದನ್ನು ಕೊಟ್ಟಿರಲಿಲ್ಲ. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಪೂರಕಗಳಿಂದ ಯಕೃತ್ತಿನ ಉರಿಯೂತದ ಪ್ರಕರಣಗಳು ವರದಿಯಾದವು. 2022ರಲ್ಲಿ ಅಮೆರಿಕದ ಅಧ್ಯಯನವೊಂದು ಇಂಥ ಹತ್ತು ರೋಗಿಗಳಲ್ಲಿ ಏಳು ಜನ ಒಂದು ನಿರ್ದಿಷ್ಟ ಜೀನ್ ರೂಪವನ್ನು ಹೊತ್ತಿದ್ದನ್ನು ಕಂಡಿತು. ಸಾವಿರಾರು ಜನರಿಗೆ ಏನೂ ಆಗದ ವಸ್ತು ಒಬ್ಬರಿಗೆ ಯಾಕೆ ಮುಳುವಾಗುತ್ತದೆ ಎಂಬುದಕ್ಕೆ ಇದು ಒಂದು ಸುಳಿವು.

ಪೈಪರಿನ್ ಕರ್ಕ್ಯುಮಿನ್ನನ್ನು ಮಾತ್ರ ಏರಿಸುವುದೂ ಇಲ್ಲ. ಮದ್ದನ್ನು ಒಡೆದು ಹೊರಹಾಕುವ ಕೆಲಸವನ್ನೇ ಅದು ತಡೆಯುವುದರಿಂದ ಫಿಟ್ಸ್‌ನ ಫೆನಿಟಾಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್ ಮುಂತಾದವು ಕೂಡ ರಕ್ತದಲ್ಲಿ ಏರುತ್ತವೆ. ಸಾರಿನ ಮೆಣಸಿಗೆ ಹೆದರಬೇಕಿಲ್ಲ. ಸಾರವಾಗಿ ಹಿಂಡಿದ ಮೆಣಸಿನ ಮಾತು ಬೇರೆ.

ಹಾನಿಯನ್ನು ಲೆಕ್ಕ ಹಾಕುವವರು

ಮೂರನೆಯ ಪಕ್ಷ ಆಸ್ಪತ್ರೆಯ ವಾರ್ಡಿನಲ್ಲಿ ಹುಟ್ಟಿದ್ದು. ಕೊರೋನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಯಲ್ಲೂ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿ ಯಕೃತ್ತು ಕೆಟ್ಟ ಆರು ಜನರ ವಿವರ ಪ್ರಕಟಿಸಿದರು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಬಂತು. ಹಲವರಲ್ಲಿ ಕಂಡದ್ದು ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಯಕೃತ್ತನ್ನು ಹೊಡೆಯುವ ಬಗೆಯ ಕಾಯಿಲೆ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ರೋಗಿಗಳು ಸೇವಿಸಿದ್ದು ಅಮೃತಬಳ್ಳಿಯೇ ಎಂದು ಗುರುತಿಸಿಲ್ಲ, ಅದನ್ನೇ ಹೋಲುವ ಇನ್ನೊಂದು ಬಳ್ಳಿ ಇರಬಹುದು ಎಂಬುದು ಅದರ ಆಕ್ಷೇಪ. ಅಶ್ವಗಂಧದ ಮೇಲೂ ಇಂಥದ್ದೇ ತಕರಾರು. 2020ರಲ್ಲಿ ಐಸ್‌ಲೆಂಡ್ ಮತ್ತು ಅಮೆರಿಕದ ಐದು ಪ್ರಕರಣಗಳು ಪ್ರಕಟವಾದವು, 2023ರಲ್ಲಿ ಡೆನ್ಮಾರ್ಕ್ ಅದನ್ನು ನಿಷೇಧಿಸಿತು. ಶಾಸ್ತ್ರ ಹೇಳಿದ್ದು ಬೇರನ್ನು, ಎಲೆ ಸೇರಿಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಸೂಚಿಸಿತ್ತು.

ಲೋಹಗಳ ಪ್ರಶ್ನೆ ಇನ್ನೂ ಹಳೆಯದು. 2004ರಲ್ಲಿ ಬಾಸ್ಟನ್ನಿನ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಗಂಟುನೋವಿಗೆ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸುವುದು ನಮ್ಮ ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಎರಡೇ ದಿನದಲ್ಲಿ ನೋವು ಮಾಯವಾದರೆ ಹಿಗ್ಗುವ ಬದಲು ಅನುಮಾನಪಡಬೇಕು.

ತರಕಾರಿಯೂ ಇದಕ್ಕೆ ಹೊರತಲ್ಲ. ಸೋರೆಕಾಯಿ ಜ್ಯೂಸ್ ಕುಡಿದು ಸತ್ತವರ ಪ್ರಕರಣಗಳ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿ ಕಹಿಯಾದ ಸೋರೆಕಾಯಿ ರಸವನ್ನು ಕುಡಿಯಲೇಬಾರದು ಎಂದು ಎಚ್ಚರಿಸಿತು. ಪಲ್ಯಕ್ಕೆ ಹೆಚ್ಚುವಾಗ ತುಣುಕು ನಾಲಿಗೆಗಿಟ್ಟು ಕಹಿಯಿದ್ದರೆ ಎಸೆಯುವುದು ನಮ್ಮ ಹೆಂಗಸರಿಗೆ ಗೊತ್ತೇ ಇತ್ತು. ಅದೇ ಕಾಯಿ ‘ಮದ್ದು’ ಎಂದು ಲೋಟಕ್ಕೆ ಬಂದಾಗ ಕಹಿ ಎಂದರೆ ಒಳ್ಳೆಯದು ಎಂದು ಮೂಗು ಹಿಡಿದು ನುಂಗಿದರು. ಕೇರಳದಲ್ಲಿ ಕೊಲೆಸ್ಟರಾಲ್ ಇಳಿಸಲು ಬಿಂಬುಳಿಯ ಗಟ್ಟಿ ರಸ ಕುಡಿದ ಹತ್ತು ಜನರ ಮೂತ್ರಪಿಂಡಕ್ಕೆ ಆಕ್ಸಲೇಟ್ ತುಂಬಿದ ವರದಿ 2013ರದು. ಮೀನು ಸಾರಿಗೆ ಎರಡು ಬಿಂಬುಳಿ ಹಾಕಿ ಉಂಡವರಿಗೆ ಏನೂ ಆಗಿರಲಿಲ್ಲ.

ಈ ಪಕ್ಷದ ಬಲ ಅದರ ಕಣ್ಣು. ಅದರ ಕೊರತೆ ಎಂದರೆ ಅದಕ್ಕೆ ಕಾಣುವುದು ಆಸ್ಪತ್ರೆಗೆ ಬಂದವರು ಮಾತ್ರ.

ಕಾನೂನಿಗೆ ಎರಡು ಬಾಗಿಲು

ಇಲ್ಲಿ ಬೇಗ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಅದೇ ಅಶ್ವಗಂಧ ಆಯುಷ್ ಲೈಸೆನ್ಸಿನಡಿ ಔಷಧವಾಗಿಯೂ ಬರಬಹುದು, 2016ರ ಆಹಾರ ಸುರಕ್ಷತಾ ನಿಯಮದಡಿ ಪೂರಕವಾಗಿಯೂ ಬರಬಹುದು. ಎರಡನೆಯದರ ಮೇಲೆ ಔಷಧವಾಗಿ ಬಳಸಲು ಅಲ್ಲ ಎಂದು ಅಚ್ಚಾಗಿರಬೇಕು, ಓದುವವರು ಕಡಿಮೆ. ಆಯುರ್ವೇದ ಔಷಧ ತಯಾರಿಸಲು ಲೈಸೆನ್ಸ್ ಬೇಕು, ಮಾರಲು ಬೇಡ. ಹಳೆಯ ಗ್ರಂಥಗಳಲ್ಲಿ ಹೇಳಿದಂತೆಯೇ ಮಾಡಿದ ಮದ್ದಿಗೆ ಹೊಸ ಸುರಕ್ಷತಾ ಪರೀಕ್ಷೆ ಬೇಡ. ವತ್ಸನಾಭಿ, ಕಾಸರಕ, ಗುಲಗಂಜಿ, ಪಾದರಸದಂಥವು ಸೇರಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಬರೆಯಲೇಬೇಕು. ಜಾಹೀರಾತಿಗೆ ಮುನ್ನ ಅನುಮತಿ ಬೇಕೆಂಬ 2018ರ ನಿಯಮವನ್ನು ಕೇಂದ್ರ ಸರ್ಕಾರ 2024ರ ಜುಲೈನಲ್ಲಿ ಕೈಬಿಟ್ಟಾಗ ಸುಪ್ರೀಂ ಕೋರ್ಟ್ ಮರುತಿಂಗಳೇ ತಡೆ ನೀಡಿದ್ದು ಈ ಜಗಳ ಆಗ ಎಷ್ಟು ಬಿಸಿಯಾಗಿತ್ತು ಎಂಬುದಕ್ಕೆ ಸಾಕ್ಷಿ. ಜರ್ಮನಿ 1978ರಲ್ಲೇ ಒಂದು ಆಯೋಗ ಕೂರಿಸಿ ಒಂದೊಂದೇ ಗಿಡಕ್ಕೆ ಉಪಯೋಗ, ಪ್ರಮಾಣ, ನಿಷೇಧ ಬರೆಸಿತು. ನಮಗೆ ಬೇಕಾದದ್ದು ಅಂಥ ಕೆಲಸ, ಜನ ಓದಬಲ್ಲ ಕನ್ನಡದಲ್ಲಿ.

ಮನೆಯಲ್ಲಿ ಏನು ಮಾಡುವುದು

ಮೂರೂ ಪಕ್ಷಗಳು ಒಪ್ಪುವ ಸಂಗತಿಗಳು ಕಡಿಮೆಯೇನಿಲ್ಲ. ಗಂಟಲು ಕೆರೆತಕ್ಕೆ ಉಪ್ಪುನೀರು, ಕೆಮ್ಮಿಗೆ ಜೇನು, ವಾಕರಿಕೆಗೆ ಶುಂಠಿ, ಮಲಬದ್ಧತೆಗೆ ಇಸಬ್‌ಗೋಲ್, ಇವುಗಳಿಗೆ ಅನುಭವದ ಜೊತೆ ಪುರಾವೆಯೂ ಇದೆ. ಜೇನನ್ನು ಮಾತ್ರ ವರ್ಷ ತುಂಬದ ಕೂಸಿಗೆ ಕೊಡಬಾರದು. ಥೈರಾಯ್ಡ್ ಮಾತ್ರೆ ನುಂಗುವವರು ಇಸಬ್‌ಗೋಲನ್ನು ಕೆಲವು ಗಂಟೆ ಬಿಟ್ಟು ಕುಡಿಯಬೇಕು.

ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಹಾಗಲಕಾಯಿ ರಸ, ಮಧುನಾಶಿನಿ ಸೇರಿದರೆ ಸಕ್ಕರೆ ಕುಸಿಯಬಹುದು. ಜ್ಯೇಷ್ಠಮಧು ತಿಂಗಳುಗಟ್ಟಲೆ ಸೇವಿಸಿದರೆ ರಕ್ತದೊತ್ತಡ ಏರಿ ಪೊಟ್ಯಾಶಿಯಂ ಇಳಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಆಪರೇಷನ್ನಿಗೆ ದಿನ ಗೊತ್ತಾದವರು ಬೆಳ್ಳುಳ್ಳಿ, ಅರಿಶಿನದ ಸಾರಗಳ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು. ಬಸುರಿಯರು, ಯಕೃತ್ತು ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ಕೇಳದೆ ಮುಟ್ಟದಿರುವುದೇ ಮೇಲು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಾರಣವಿಲ್ಲದೆ ಸುಸ್ತಾದರೆ ಎಲ್ಲವನ್ನೂ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು.

‘ಬೇರೆ ಏನಾದರೂ ಮಾತ್ರೆ ತಗೋತಿದೀರಾ?’ ಎಂದು ಡಾಕ್ಟರು ಕೇಳಿದಾಗ ನಮ್ಮವರು ‘ಇಲ್ಲ ಸಾರ್’ ಎನ್ನುತ್ತಾರೆ. ಸುಳ್ಳಲ್ಲ, ಕಷಾಯ ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ. ಪ್ರಶ್ನೆಯನ್ನು ಬದಲಿಸಬೇಕಾದವರು ಡಾಕ್ಟರು. ‘ಮನೆಯಲ್ಲಿ ಏನು ಕುಡೀತೀರಮ್ಮಾ?’ ಎಂದು ಗದರದೆ ಕೇಳಿದರೆ ಎಲ್ಲವೂ ಹೊರಬರುತ್ತದೆ.

ಇನ್ನೂ ಇತ್ಯರ್ಥವಾಗದವು

ಮೊದಲನೆಯದು ಛೇದದ ಪ್ರಶ್ನೆ. ಅಮೃತಬಳ್ಳಿಯಿಂದ 43 ಜನರಿಗೆ ತೊಂದರೆಯಾಯಿತು ಎಂದರೆ ಎಷ್ಟು ಜನ ಕುಡಿದವರಲ್ಲಿ? ಕೆಳಗಿನ ಸಂಖ್ಯೆ ಇಲ್ಲದೆ ಅಪಾಯ ದೊಡ್ಡದೋ ಸಣ್ಣದೋ ಎಂದು ಯಾವ ಪಕ್ಷವೂ ಹೇಳಲಾರದು. ಆಯುಷ್ ಔಷಧಗಳ ದುಷ್ಪರಿಣಾಮ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆ 2008ರಿಂದ ಇದೆ; ಹಿತ್ತಿಲಿನ ಬಳ್ಳಿ ಅದರ ಬಲೆಗೆ ಬೀಳುವುದಿಲ್ಲ. ಎರಡನೆಯದು ಭಸ್ಮಗಳದು: ಸಂಸ್ಕಾರಗೊಂಡ ಲೋಹ ದೇಹದಲ್ಲಿ ಲೋಹದಂತೆ ವರ್ತಿಸುತ್ತದೆಯೇ, ಬೇರೆಯಾಗಿಯೇ? ರಸಶಾಸ್ತ್ರಜ್ಞರಿಗೂ ವಿಷಶಾಸ್ತ್ರಜ್ಞರಿಗೂ ಇಲ್ಲಿ ಒಂದೇ ಅಳತೆಗೋಲಿನ ಮೇಲೂ ಒಮ್ಮತವಿಲ್ಲ. ಮೂರನೆಯದು, ಯಾರ ಮೈ ಯಾವ ಗಿಡಕ್ಕೆ ಆಗದು ಎಂಬುದು. ಜೀನ್‌ಗಳು ಒಂದು ಉತ್ತರದ ಕಡೆ ಬೆರಳು ತೋರಿಸುತ್ತಿವೆ. ‘ಪ್ರಕೃತಿ’ ಎಂದು ಆಯುರ್ವೇದ ಕರೆದದ್ದೂ ಇದೂ ಎಲ್ಲಾದರೂ ಸಂಧಿಸುತ್ತವೆಯೇ ಎಂಬುದು ತೆರೆದೇ ಇದೆ.

ಕೊನೆಗೆ ಆ ಬಜೆ. ಅದರಲ್ಲಿರುವ ಬೀಟಾ ಅಸರೋನ್ ಇಲಿಗಳಲ್ಲಿ ಗಡ್ಡೆ ಬೆಳೆಸಿದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಿಂದ ಹೊರಗಿಟ್ಟಿತು. ಅಮೆರಿಕದಲ್ಲಿ ತಾನಾಗಿ ಬೆಳೆಯುವ ಬಜೆಯಲ್ಲಿ ಆ ಅಂಶವಿಲ್ಲ, ನಮ್ಮದರಲ್ಲಿ ಹೇರಳವಾಗಿದೆ. ಇಲಿಗಳಿಗೆ ಕೊಟ್ಟದ್ದು ದಿನವೂ, ದೊಡ್ಡ ಪ್ರಮಾಣದಲ್ಲಿ. ಸಾಣೆಕಲ್ಲಿನ ಮೇಲೆ ಎರಡೇ ಸುತ್ತು ತೇಯ್ದು ಎದೆಹಾಲಿನಲ್ಲಿ ಕದಡಿ ಕೂಸಿನ ನಾಲಿಗೆಗೆ ಮುಟ್ಟಿಸಿದ ಬಜೆಯಲ್ಲಿ ಆ ಅಂಶ ಎಷ್ಟು, ಅಷ್ಟರಿಂದ ಏನಾದರೂ ಆದೀತೇ ಎಂಬುದು ಇನ್ನೂ ತೀರ್ಮಾನವಾಗಬೇಕು. ಎರಡು ಸುತ್ತನ್ನು ಮಿಲಿಗ್ರಾಂಗೆ ತಿರುಗಿಸಿ ಅಳೆಯಲು ಬೇಕಾದದ್ದು ಒಂದು ಸಾಣೆಕಲ್ಲು, ಒಬ್ಬ ಅಜ್ಜಿ, ಪಕ್ಕದಲ್ಲಿ ಒಂದು ಪ್ರಯೋಗಶಾಲೆ.